ಸಣ್ಣ ತೂತು, ದೊಡ್ಡ ಗಂಡಾಂತರ

ತಲೆಗೆ ಏನಾದರೂ ಸಿಡಿದು ಹೊಕ್ಕರೆ ಏನು ಮಾಡಬೇಕು?



1824ನೇ ಇಸವಿ, ಅಕ್ಟೋಬರ್ 23. ಕಿತ್ತೂರಿನಲ್ಲಿ ಗುಂಡು ಹಾರಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ನೆಲಕ್ಕೆ ಬಿದ್ದ. ಈ ಸಂಗತಿ ನಮ್ಮ ಭಾಗದಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ನಾವೆಲ್ಲ ಅಲ್ಲಿಗೆ ಹೋಗಿ ಕೈ ಮುಗಿದು ಬಂದವರೇ.

ಅದು ಯುದ್ಧದ ಗುಂಡು. ಈ ಪಾಠ ಯುದ್ಧದ ಗುಂಡಿನದಲ್ಲ. ಇದು ಅಂಗಳದಲ್ಲಿ, ಹೊಲದಲ್ಲಿ, ಜಾತ್ರೆಯಲ್ಲಿ ಅಕಸ್ಮಾತ್ತಾಗಿ ಹಾರುವ ಗುಂಡಿನ ಪಾಠ. ಇದನ್ನು ಹಾರಿಸುವವರು ವೈರಿಗಳಲ್ಲ. ನಮ್ಮ ಮಕ್ಕಳೇ, ನಮ್ಮ ಮಂದಿಯೇ. ಯಾರೂ ಬೇಕಂತ ಹೊಡೆಯುವುದಿಲ್ಲ. ಆದರೂ ಒಂದು ಜೀವ ಹೋಗಬಹುದು.

ಆ ಹೊತ್ತಿನಲ್ಲಿ ಮನೆಯಲ್ಲಿ ಇರುವವರು ಯಾರು? ಬಹಳ ಸಲ ನಾವೇ, ಹೆಣ್ಣುಮಕ್ಕಳು. ಅದಕ್ಕೆ ಈ ಪಾಠವನ್ನು ನಾವು ಓದಬೇಕು. ಓದಿ ಮನೆಯವರಿಗೂ ಹೇಳಬೇಕು.

ಎಲ್ಲಿಂದ ಬರುತ್ತದೆ ಈ ಗುಂಡು?

ಜೋಳ ತೆನೆ ಕಟ್ಟಿದಾಗ ಹಕ್ಕಿ ಕಾಯುತ್ತೇವೆ. ಕವಣಿಯಲ್ಲಿ ಕಲ್ಲು ಇಟ್ಟು ಬೀಸುತ್ತೇವೆ. ಹುಡುಗರು ರಬ್ಬರಿನ ಕವಣಿ ಮಾಡಿಕೊಂಡು ಗೋಲಿ ಹಾರಿಸುತ್ತಾರೆ. ಮಂಗ ಓಡಿಸಲು ಕೆಲವರ ಮನೆಯಲ್ಲಿ ಏರ್‌ಗನ್ ಇದೆ. ಏರ್‌ಗನ್ ಅಂದರೆ ಗಾಳಿಯ ಒತ್ತಡದಿಂದ ಹೊಡೆಯುವ ಬಂದೂಕು. ಜಾತ್ರೆಯಲ್ಲಿ ಬಲೂನ್ ಹೊಡೆಯುವ ಅಂಗಡಿಯಲ್ಲಿ ಇರುವುದೂ ಇದೇ.

ಹುಲ್ಲು ಕತ್ತರಿಸುವ ಮಷೀನಿನಿಂದ ಕಲ್ಲು ಸಿಡಿಯುತ್ತದೆ. ಕಲ್ಲಿನ ಗಣಿಯಲ್ಲಿ ಮದ್ದು ಹಾರಿಸಿದಾಗ ಚೂರು ಹಾರುತ್ತದೆ. ಸುತ್ತಿಗೆಯಿಂದ ಉಳಿಗೆ ಹೊಡೆಯುವಾಗ ಕಬ್ಬಿಣದ ಸಿಬುರು ಎದ್ದು ಬರುತ್ತದೆ. ದೀಪಾವಳಿಯಲ್ಲಿ ಡಬ್ಬಿಯ ಕೆಳಗೆ ಪಟಾಕಿ ಇಟ್ಟು ಹಾರಿಸುವ ಹುಡುಗರನ್ನು ನಾವು ನೋಡಿಲ್ಲವೇ? ಆ ಡಬ್ಬಿ ಒಡೆದರೆ ತಗಡಿನ ತುಂಡು ಚೂರಿಯಂತೆ ಹಾರುತ್ತದೆ.

ಏರ್‌ಗನ್ನಿನ ಸೀಸದ ಗುಂಡು ಎಷ್ಟು ದೊಡ್ಡದು? ಸಾಮಾನ್ಯವಾಗಿ ನಾಲ್ಕೂವರೆ ಮಿಲಿಮೀಟರ್ ದಪ್ಪ. ತೂಕ ಸುಮಾರು ಅರ್ಧ ಗ್ರಾಂ. ಒಂದು ತೊಗರಿ ಕಾಳಿನಷ್ಟು ಅನ್ನಿ. ಆದರೆ ಅದರ ವೇಗ ಸೆಕೆಂಡಿಗೆ ನೂರು ಮೀಟರಿಗಿಂತ ಹೆಚ್ಚು. ಕಣ್ಣು ಮಿಟುಕಿಸುವುದರೊಳಗೆ ಅದು ಮುಟ್ಟಿರುತ್ತದೆ.

“ಆಟದ ಬಂದೂಕು” ಅಂತ ಇದನ್ನು ಕರೆಯುತ್ತೇವೆ. ಆದರೆ ಇದು ಆಟದ ಸಾಮಾನಲ್ಲ.

ತಲೆಯೊಳಗೆ ಏನಿದೆ?

ತೆಂಗಿನಕಾಯಿ ನೆನೆಸಿಕೊಳ್ಳಿ. ಹೊರಗೆ ಗಟ್ಟಿ ಚಿಪ್ಪು. ಒಳಗೆ ಮೆತ್ತನೆಯ ತಿರುಳು. ನಮ್ಮ ತಲೆಯೂ ಹಾಗೇ. ಹೊರಗೆ ತಲೆಬುರುಡೆ. ಒಳಗೆ ಮೆದುಳು. ದೊಡ್ಡವರ ಮೆದುಳಿನ ತೂಕ ಸುಮಾರು ಒಂದು ಕಿಲೋ ಮುನ್ನೂರು ಗ್ರಾಂ. ಅದರ ಸುತ್ತ ತೆಳ್ಳನೆಯ ಪೊರೆಗಳಿವೆ. ಪೊರೆಯೊಳಗೆ ನೀರಿನಂಥ ದ್ರವ ಇದೆ.

ನಾವು ಮಾತಾಡುವುದು, ನಡೆಯುವುದು, ನೋಡುವುದು, ನೆನಪಿಡುವುದು, ಸಿಟ್ಟಾಗುವುದು, ನಗುವುದು, ಎಲ್ಲಕ್ಕೂ ಮೆದುಳು ಬೇಕು. ಮೆದುಳಿನ ಬಲಭಾಗ ಎಡಗೈ ಎಡಗಾಲನ್ನು ಆಡಿಸುತ್ತದೆ. ಎಡಭಾಗ ಬಲಗೈ ಬಲಗಾಲನ್ನು ಆಡಿಸುತ್ತದೆ.

ತಲೆಬುರುಡೆ ಎಲ್ಲ ಕಡೆಗೂ ಒಂದೇ ದಪ್ಪ ಇಲ್ಲ. ಕಣ್ಣಿಗೂ ಕಿವಿಗೂ ನಡುವಿನ ಜಾಗಕ್ಕೆ ಕಣತಲೆ ಎನ್ನುತ್ತಾರೆ. ಅಲ್ಲಿ ಎಲುಬು ತೆಳು. ಕಣ್ಣಿನ ಗೂಡಿನ ಮೇಲ್ಭಾಗದ ಎಲುಬು ಇನ್ನೂ ತೆಳು. ಸಣ್ಣ ಮಕ್ಕಳ ಬುರುಡೆಯಂತೂ ಪೂರಾ ತೆಳುವೇ. ಆದ್ದರಿಂದ ರೆಪ್ಪೆಯ ಮೇಲೆ ಬಿದ್ದ ಒಂದು ಸಣ್ಣ ಗಾಯದ ದಾರಿ ಮೆದುಳಿನವರೆಗೂ ಹೋಗಿರಬಹುದು.

ಗುಂಡು ಒಳಗೆ ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ. ಕೂದಲು, ಮಣ್ಣು, ಬಟ್ಟೆಯ ಎಳೆ, ಎಲುಬಿನ ಚೂರು ಇವನ್ನೂ ಒಳಗೆ ತಳ್ಳುತ್ತದೆ. ಆಮೇಲೆ ಎರಡು ಗಂಡಾಂತರ ಕಾದಿರುತ್ತವೆ. ಒಂದು, ಒಳಗೆ ರಕ್ತ ಸೋರಿ ಮೆದುಳು ಒತ್ತಿಹೋಗುವುದು. ಇನ್ನೊಂದು, ಹೊಲಸು ಒಳಗೆ ಹೋಗಿ ಕೀವು ಆಗುವುದು. ಎರಡೂ ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ.

ಕಲಿಕಾ ಕೇಂದ್ರದಲ್ಲಿ ಮಾತುಕತೆ

ಒಂದು ಸಂಜೆ ಕಲಿಕಾ ಕೇಂದ್ರಕ್ಕೆ ನರ್ಸಬಾಯಿ ಬಂದಿದ್ದಾರೆ ಅಂತ ತಿಳಿಯೋಣ. ಹೆಣ್ಣುಮಕ್ಕಳು ಸುತ್ತ ಕೂತಿದ್ದಾರೆ. ಮಾತು ಹೀಗೆ ನಡೆಯುತ್ತದೆ.

“ಬಾಯಾರ, ಹುಡುಗನ ತಲೆಗೆ ಗುಂಡು ತಾಗೇತಿ. ತೂತು ಸಾಸಿವಿ ಕಾಳಿನಷ್ಟು ಐತಿ. ರಕ್ತ ಎರಡೇ ಹನಿ ಬಂದೇತಿ. ಹುಡುಗ ಎದ್ದು ಓಡ್ಯಾಡಾಕತ್ತಾನ. ಅಂಥಾದ್ದಕ್ಕೂ ದವಾಖಾನಿಗೆ ಹೋಗಬೇಕೇನ್ರಿ?”

“ಹೋಗಬೇಕವ್ವಾ. ಅವತ್ತೇ, ಆ ಗಳಿಗೇನೇ ಹೋಗಬೇಕು. ತೂತು ಸಣ್ಣದು ಅಂದ್ರ ಗಾಯ ಸಣ್ಣದು ಅಂತಲ್ಲ. ಕೂದಲದಾಗ ತೂತು ಕಾಣೂದೂ ಇಲ್ಲ. ಹುಡುಗ ಮಾತಾಡತಾನ, ಚಾ ಕೇಳತಾನ. ಎರಡು ತಾಸು ಬಿಟ್ಟು ವಾಂತಿ ಮಾಡತಾನ, ನಿದ್ದಿ ಬಂತು ಅಂತಾನ. ಅದು ನಿದ್ದಿ ಅಲ್ಲ. ಒಳಗ ರಕ್ತ ತುಂಬಾಕತ್ತಿರತೈತಿ.”

ಒಬ್ಬ ಅಜ್ಜಿ ಕೇಳಿದಳು. “ನಾವು ಅರಿಷಿಣ ಹಚ್ಚತೀವಿ. ಚಾಪುಡಿ ಒತ್ತತೀವಿ. ಸುಣ್ಣ ಹಚ್ಚೂದೂ ಉಂಟು. ಮೊದಲಿಂದ ಹಂಗ ಮಾಡಿಕೊಂಡು ಬಂದೀವಲ್ಲ?”

“ಆಯಿ, ಕೈ ಕೊಯ್ದರ ಅದು ಬ್ಯಾರೆ ಮಾತು. ಇದು ಮೆದುಳಿಗೆ ತೆರೆದ ಬಾಗಿಲಾ. ಅಲ್ಲಿ ಏನು ಹಚ್ಚಿದರೂ ಒಳಗ ಹೋಗತೈತಿ. ಒಳಗ ಹೋದದ್ದು ಕೀವು ಮಾಡತೈತಿ. ಅರಿಷಿಣ ಬ್ಯಾಡ, ಪುಡಿ ಬ್ಯಾಡ, ಎಣ್ಣಿ ಬ್ಯಾಡ. ನೀರು ಹಾಕಿ ತೊಳೆಯೂದೂ ಬ್ಯಾಡ. ಸ್ವಚ್ಛ ಒಣ ಬಟ್ಟಿ ಮುಚ್ಚಿರಿ, ಸಾಕು.”

“ಮೊಳಿ, ಸಿಬುರು ಹೊರಗ ಕಾಣತಿದ್ದರ ಕಿತ್ತು ಒಗೀಬಹುದೇನ್ರಿ?”

“ಕೀಳಬ್ಯಾಡ್ರಿ. ಅದು ಒಳಗಿನ ರಕ್ತನಾಳಕ್ಕ ಬೂಚಿನಂಗ ನಿಂತಿರತೈತಿ. ಕಿತ್ತರ ಒಳಗ ರಕ್ತ ಚಿಮ್ಮತೈತಿ. ನೀವು ಕೊಡ ಹೊರೋವಾಗ ತಲಿ ಮ್ಯಾಲೆ ಸಿಂಬಿ ಇಟ್ಟುಕೊಳ್ಳೂದಿಲ್ಲೇನು? ಹಂಗ ಬಟ್ಟಿ ಸುತ್ತಿ ಸಿಂಬಿ ಮಾಡ್ರಿ. ಚುಚ್ಚಿದ ಸಾಮಾನಿನ ಸುತ್ತ ಆ ಸಿಂಬಿ ಇಡ್ರಿ. ಮ್ಯಾಲೆ ಸಡಿಲಾಗಿ ಪಟ್ಟಿ ಸುತ್ತರಿ. ಸಾಮಾನು ಅಲುಗಬಾರದು, ಒಳಗೂ ಹೋಗಬಾರದು, ಹೊರಗೂ ಬರಬಾರದು. ಅದನ್ನ ಡಾಕ್ಟರೇ ತೆಗೀತಾರ.”

“ಮೂರ್ಛಿ ಬಂದು ಒದ್ದಾಡಿದರ? ನಾವು ಕೈಯಾಗ ಕಬ್ಬಿಣ ಕೊಡತೀವಿ, ಉಳ್ಳಾಗಡ್ಡಿ ಮೂಸಸತೀವಿ.”

“ಅದರಿಂದ ಏನೂ ಆಗೂದಿಲ್ಲ. ಬಾಯಾಗ ಚಮಚ ತುರುಕಿದರ ಹಲ್ಲು ಮುರೀತಾವ, ಉಸಿರು ಕಟ್ಟತೈತಿ. ಒಂದು ಮಗ್ಗಲಿಗೆ ಹೊಳ್ಳಿಸ್ರಿ. ಕುತಿಗಿ ಹತ್ತಿರ ಗುಂಡಿ ಬಿಚ್ಚಿರಿ. ಎಷ್ಟು ಹೊತ್ತು ಒದ್ದಾಡಿದ ಅಂತ ಗಡಿಯಾರ ನೋಡ್ರಿ.”

ಮಾಡಬೇಕಾದದ್ದು

1. ಮೊದಲು ಆ ಜಾಗ ನೋಡಿ. ಬಂದೂಕು, ಮಷೀನು ಇನ್ನೂ ಚಾಲೂ ಇದೆಯೇ? ಅದನ್ನು ಬಂದ್ ಮಾಡಿಸಿ.
2. ಕೂಡಲೇ 108ಕ್ಕೆ ಫೋನ್ ಮಾಡಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ನಮ್ಮ ರಾಜ್ಯದಲ್ಲಿ ಈ ಅಂಬ್ಯುಲೆನ್ಸ್ 2008ರಿಂದ ಇದೆ. “ತಲೆಗೆ ಗುಂಡು ಹೊಕ್ಕಿದೆ” ಎಂದು ಸ್ಪಷ್ಟವಾಗಿ ಹೇಳಿ. ಊರು, ಓಣಿ, ಗುರುತು ಹೇಳಿ.
3. ಗಾಯಾಳುವನ್ನು ಓಡಾಡಲು ಬಿಡಬೇಡಿ. ಮಲಗಿಸಿ. ಎಚ್ಚರ ಇದ್ದರೆ ತಲೆಯ ಕಡೆ ಸ್ವಲ್ಪ ಎತ್ತರ ಮಾಡಿ. ಮೇಲಿನಿಂದ ಬಿದ್ದಿದ್ದರೆ ಕುತ್ತಿಗೆಗೂ ಪೆಟ್ಟಾಗಿರಬಹುದು. ಆಗ ತಲೆ ಕುತ್ತಿಗೆ ಅಲುಗಿಸದೆ ನೇರ ಮಲಗಿಸಿ.
4. ಎಚ್ಚರ ತಪ್ಪಿದ್ದು ಉಸಿರು ಇದ್ದರೆ ಒಂದು ಮಗ್ಗಲಿಗೆ ಹೊರಳಿಸಿ. ತಲೆ, ಕುತ್ತಿಗೆ, ಮೈ ಒಂದೇ ಸಲ ಹೊರಳಬೇಕು. ಹೀಗೆ ಮಾಡಿದರೆ ವಾಂತಿ ಉಸಿರಿನ ದಾರಿಗೆ ಹೋಗುವುದಿಲ್ಲ.
5. ಗಾಯದ ಮೇಲೆ ಸ್ವಚ್ಛ ಒಣ ಬಟ್ಟೆ ಹಾಕಿ. ರಕ್ತ ಬರುತ್ತಿದ್ದರೆ ಬಟ್ಟೆಯನ್ನು ಹಗುರಾಗಿ ಹಿಡಿಯಿರಿ. ಬಟ್ಟೆ ತೊಯ್ದರೆ ಅದನ್ನು ತೆಗೆಯಬೇಡಿ. ಅದರ ಮೇಲೆ ಇನ್ನೊಂದು ಬಟ್ಟೆ ಇಡಿ.
6. ಕಣ್ಣಿಗೆ ತಾಗಿದ್ದರೆ ಕಣ್ಣನ್ನು ಒತ್ತಬೇಡಿ. ಕಣ್ಣಿಗೆ ತಾಗದಂತೆ ಒಂದು ಸ್ವಚ್ಛ ಬಟ್ಟಲನ್ನು ಬೋರಲು ಮುಚ್ಚಿ ಪಟ್ಟಿ ಕಟ್ಟಿ.
7. ಸಿಡಿದದ್ದು ಯಾವ ಗುಂಡು, ಯಾವ ಮೊಳೆ ಎಂದು ಗೊತ್ತಿದ್ದರೆ ಅಂಥದೇ ಇನ್ನೊಂದನ್ನು ಡಾಕ್ಟರಿಗೆ ತೋರಿಸಲು ಒಯ್ಯಿರಿ.

ಮಾಡಬಾರದ್ದು

1. ಬೆರಳು, ಕಡ್ಡಿ, ಪಿನ್ನು ಹಾಕಿ ಗುಂಡು ಹುಡುಕಬೇಡಿ.
2. ಚುಚ್ಚಿದ್ದನ್ನು ಕೀಳಬೇಡಿ.
3. ಅರಿಷಿಣ, ಸುಣ್ಣ, ಚಾಪುಡಿ, ಎಣ್ಣೆ ಹಚ್ಚಬೇಡಿ.
4. ನೀರು, ಚಾ, ಹಾಲು, ಊಟ ಏನೂ ಕೊಡಬೇಡಿ. ಆಪರೇಷನ್ ಮಾಡಬೇಕಾದರೆ ಹೊಟ್ಟೆ ಖಾಲಿ ಇರಬೇಕು.
5. ತಲೆನೋವಿನ ಗುಳಿಗೆ ಕೊಡಬೇಡಿ. ಕೆಲವು ಗುಳಿಗೆಗಳಿಂದ ರಕ್ತ ಹೆಚ್ಚು ಸೋರುತ್ತದೆ.
6. ಮೂಗು, ಕಿವಿಯಿಂದ ನೀರಿನಂಥದ್ದು ಸೋರಿದರೆ ಹತ್ತಿ ತುರುಕಬೇಡಿ.
7. ಸೈಕಲ್‌ಮೋಟಾರಿನ ಮೇಲೆ ಇಬ್ಬರ ನಡುವೆ ಕೂಡಿಸಿಕೊಂಡು ಹೋಗಬೇಡಿ. ಅಂಬ್ಯುಲೆನ್ಸ್ ಬರುವುದು ತಡವಾದರೆ ಜೀಪು, ಟಂಟಂ, ಕಾರು ಯಾವುದಾದರೂ ಸರಿ, ಮಲಗಿಸಿಕೊಂಡು ಹೋಗಿ.

ನೀವು ಬರೆದ ಚೀಟಿ ಜೀವ ಉಳಿಸೀತು

ಈಗ ನಿಮಗೆ ಬರೆಯಲು ಬರುತ್ತದೆ. ಆ ಅಕ್ಷರ ಇಲ್ಲಿ ಕೆಲಸಕ್ಕೆ ಬರಲಿ. ಗಾಬರಿಯಲ್ಲಿ ಮಾತು ಮರೆತುಹೋಗುತ್ತದೆ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ಚೀಟಿ ಮರೆಯುವುದಿಲ್ಲ. ಹೀಗೆ ಬರೆಯಿರಿ.

ವಯಸ್ಸು: 9 ವರ್ಷ, ಹುಡುಗ
ಏನು ತಾಗಿತು: ಏರ್‌ಗನ್ ಗುಂಡು
ಎಲ್ಲಿ ತಾಗಿತು: ಎಡ ಕಣತಲೆ
ಎಷ್ಟು ಹೊತ್ತಿಗೆ: ಸಂಜೆ 4-10
ಎಚ್ಚರ ತಪ್ಪಿತ್ತೇ: ಇಲ್ಲ
ವಾಂತಿ: 5-00 ಗಂಟೆಗೆ ಒಂದು ಸಲ
ಬಲಗೈ: ಸರಿಯಾಗಿ ಎತ್ತುತ್ತಿಲ್ಲ
ಕೊನೆಗೆ ಊಟ ಮಾಡಿದ್ದು: ಮಧ್ಯಾಹ್ನ 1-00

ಇಷ್ಟು ಸಾಕು. ಈ ಚೀಟಿ ನೋಡಿದ ಡಾಕ್ಟರಿಗೆ ಅರ್ಧ ಕೆಲಸ ಆದಂತೆ. ಎಚ್ಚರ ಇದ್ದ ಹುಡುಗ ಒಂದು ತಾಸಿನಲ್ಲಿ ಮಂಕಾದ ಎಂದರೆ ಒಳಗೆ ಏನೋ ಹೆಚ್ಚುತ್ತಿದೆ ಎಂದು ಅವರಿಗೆ ತಿಳಿಯುತ್ತದೆ.

ನಿಜ ಹೇಳಿರಿ

ಇದು ಈ ಪಾಠದ ಮುಖ್ಯ ಮಾತು.

ಅಣ್ಣ ಹಾರಿಸಿದ ಗುಂಡು ತಮ್ಮನಿಗೆ ತಾಗಿತು ಅನ್ನೋಣ. ಮನೆಯವರು ಹೆದರುತ್ತಾರೆ. “ಪೊಲೀಸ್ ಕೇಸ್ ಆದೀತು. ಬಿದ್ದು ಪೆಟ್ಟಾಯಿತು ಅಂತ ಹೇಳೋಣ” ಎನ್ನುತ್ತಾರೆ. ಪಕ್ಕದ ಮನೆಯವರ ಹುಡುಗ ಹೊಡೆದಿದ್ದರೆ ಅವರೂ ಬಂದು ಕೈ ಮುಗಿದು ಇದನ್ನೇ ಹೇಳಬಹುದು.

ಬಿದ್ದ ಪೆಟ್ಟು ಎಂದರೆ ಡಾಕ್ಟರು ಏನು ಮಾಡುತ್ತಾರೆ? ಹೊರಗಿನ ಗಾಯ ನೋಡಿ, ಒಂದು ಹೊಲಿಗೆ ಹಾಕಿ ಕಳಿಸಬಹುದು. ಗುಂಡು ಒಳಗೇ ಉಳಿಯುತ್ತದೆ. ಎಂಟು ದಿನಕ್ಕೆ ಜ್ವರ ಬರುತ್ತದೆ, ಕುತ್ತಿಗೆ ಬಿಗಿಯುತ್ತದೆ. ಆಗ ಮಾಡಬೇಕಾದ ಚಿಕಿತ್ಸೆ ಬಹಳ ದೊಡ್ಡದು. ಒಂದು ಸುಳ್ಳಿನಿಂದ ಒಂದು ಮಗು ಹೋಗಬಹುದು.

ಕಾನೂನು ತಿಳಿದಿದ್ದರೆ ಹೆದರಿಕೆ ಕಡಿಮೆ. ಸುಪ್ರೀಂ ಕೋರ್ಟ್ 1989ರಲ್ಲಿ ಒಂದು ತೀರ್ಪು ಕೊಟ್ಟಿದೆ. ಗಾಯಾಳು ಬಂದರೆ ಮೊದಲು ಜೀವ ಉಳಿಸಬೇಕು, ಪೊಲೀಸ್ ಕಾಗದಪತ್ರ ಆಮೇಲೆ. ಸರಕಾರಿ ಡಾಕ್ಟರಿಗೂ ಖಾಸಗಿ ಡಾಕ್ಟರಿಗೂ ಇದೇ ನಿಯಮ. ಬಂದೂಕಿನ ಗಾಯವಾದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಇದು ನಿಜ. ಆದರೆ ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಏಳು ವರ್ಷದೊಳಗಿನ ಮಗು ಮಾಡಿದ್ದನ್ನು ಕಾನೂನು ಅಪರಾಧ ಎಂದು ಎಣಿಸುವುದಿಲ್ಲ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯಕ್ಕೂ ಬೇರೆ ಕಾನೂನು ಇದೆ. ದೊಡ್ಡವರಂತೆ ಅವರನ್ನು ಜೇಲಿಗೆ ಹಾಕುವುದಿಲ್ಲ.

ಹೊಡೆದ ಹುಡುಗನೂ ನಮ್ಮ ಮಗುವೇ. ಅವನು ಮೂಲೆಯಲ್ಲಿ ನಡುಗುತ್ತಾ ಕೂತಿರುತ್ತಾನೆ. ಅವನನ್ನು ಬಡಿಯಬೇಡಿ. “ಏನಾತಪಾ, ಎಷ್ಟು ದೂರದಿಂದ ಹೊಡದಿ?” ಎಂದು ಸಮಾಧಾನದಿಂದ ಕೇಳಿ. ಅವನು ಹೇಳುವ ನಿಜವೇ ತಮ್ಮನಿಗೆ ಔಷಧ.

ಒಂದು ನಿಜವಾದ ಕಥೆ

ಅಮೆರಿಕ ದೇಶದಲ್ಲಿ ಫಿನಿಯಾಸ್ ಗೇಜ್ ಎಂಬ ಕೆಲಸಗಾರನಿದ್ದ. ವಯಸ್ಸು 25. ರೈಲುದಾರಿಗಾಗಿ ಬಂಡೆ ಒಡೆಯುವ ಕೆಲಸ ಅವನದು. 1848ರ ಸೆಪ್ಟೆಂಬರ್ 13ರಂದು ಬಂಡೆಯ ತೂತಿನಲ್ಲಿ ಮದ್ದು ತುಂಬುತ್ತಿದ್ದ. ಕಿಡಿ ಹಾರಿ ಮದ್ದು ಸಿಡಿಯಿತು. ಮದ್ದು ಜಡಿಯುವ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ತಲೆಯ ಮೇಲಿಂದ ಹೊರಗೆ ಹಾರಿತು. ಆ ಸಲಾಕೆ ಮೂರೂವರೆ ಅಡಿಗಿಂತ ಉದ್ದ, ತೂಕ ಆರು ಕಿಲೋ.

ಗೇಜ್ ಸಾಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮಾತಾಡಿದ. ಎತ್ತಿನ ಗಾಡಿಯಲ್ಲಿ ಕೂತು ಊರಿಗೆ ಬಂದ. ಡಾಕ್ಟರಿಗೆ ತಾನೇ ಎಲ್ಲ ಹೇಳಿದ. ಆದರೆ ಕೆಲವು ದಿನಗಳಲ್ಲಿ ಗಾಯದಲ್ಲಿ ಕೀವು ತುಂಬಿ ಅವನಿಗೆ ಎಚ್ಚರ ತಪ್ಪಿತು. ಹಾರ್ಲೋ ಎಂಬ ಡಾಕ್ಟರು ಕೀವು ತೆಗೆದು ಅವನನ್ನು ಉಳಿಸಿದರು. ಎಡಗಣ್ಣಿನ ದೃಷ್ಟಿ ಹೋಯಿತು. ಮೊದಲು ಶಾಂತನಾಗಿದ್ದವನು ಆಮೇಲೆ ಸಿಟ್ಟಿನವನಾದ, ಮಾತು ಒರಟಾಯಿತು ಎಂದು ಹಾರ್ಲೋ ಬರೆದಿಟ್ಟಿದ್ದಾರೆ. ಗೇಜ್ ಮುಂದೆ ಎಷ್ಟೋ ವರ್ಷ ಕುದುರೆಗಾಡಿ ಓಡಿಸಿ ದುಡಿದ. ಕೊನೆಗೆ ಅವನಿಗೆ ಮೂರ್ಛೆ ಶುರುವಾಯಿತು. 1860ರಲ್ಲಿ ತೀರಿಕೊಂಡ.

ಈ ಕಥೆಯಿಂದ ನಾಲ್ಕು ಮಾತು ಕಲಿಯೋಣ. ಮಾತಾಡುತ್ತಾನೆ ಎಂದರೆ ಪಾರಾದ ಎಂದಲ್ಲ. ಕೀವು ಕೆಲವು ದಿನ ಬಿಟ್ಟು ಬರುತ್ತದೆ. ಸ್ವಭಾವ ಬದಲಾಗಬಹುದು. ಮೂರ್ಛೆ ವರ್ಷಗಳ ಮೇಲೂ ಬರಬಹುದು.

ದೊಡ್ಡ ದವಾಖಾನೆಯಲ್ಲಿ ಏನು ಮಾಡುತ್ತಾರೆ?

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಅಲ್ಲಿ ಉಸಿರು, ರಕ್ತ ನೋಡಿ ಮೊದಲ ಚಿಕಿತ್ಸೆ ಕೊಡುತ್ತಾರೆ. ಆದರೆ ಮೆದುಳಿನ ಆಪರೇಷನ್ನಿಗೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಹುಬ್ಬಳ್ಳಿಯಲ್ಲಿ ಜನ ‘ಕಿಮ್ಸ್’ ಎಂದು ಕರೆಯುವ ಸರಕಾರಿ ಆಸ್ಪತ್ರೆ ಇದೆ. ಕಿತ್ತೂರು ಹೆದ್ದಾರಿಯ ಮೇಲೆಯೇ ಇದೆ. ಸವದತ್ತಿಯವರಿಗೆ ಧಾರವಾಡ ಹತ್ತಿರ. ಬೈಲಹೊಂಗಲದವರಿಗೆ ಬೆಳಗಾವಿ ಹತ್ತಿರ. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರ್. ದೂರ ಇದ್ದವರು ಇನ್ನೂ ಬೇಗ ಹೊರಡಬೇಕು. “ನಾಳೆ ಬೆಳಿಗ್ಗೆ ನೋಡೋಣ” ಎನ್ನಬಾರದು. ಎಲ್ಲಿಗೆ ಹೋಗಬೇಕು ಎಂದು 108ರವರನ್ನು, ತಾಲೂಕಿನ ಡಾಕ್ಟರನ್ನು ಕೇಳಿ. ಅವರೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿದರೆ ಅಲ್ಲಿ ಕಾಯುವುದು ತಪ್ಪುತ್ತದೆ.

ಅಲ್ಲಿ ಮೊದಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಇದು ತಲೆಯೊಳಗಿನ ಚಿತ್ರ ತೆಗೆಯುವ ಯಂತ್ರ. ಮನುಷ್ಯರಿಗೆ ಮೊದಲು ಇದನ್ನು ಬಳಸಿದ್ದು 1971ರಲ್ಲಿ. ಗುಂಡು ಎಲ್ಲಿದೆ, ರಕ್ತ ಎಷ್ಟು ತುಂಬಿದೆ ಎಂದು ಇದರಲ್ಲಿ ಕಾಣುತ್ತದೆ. ನೋವಾಗುವುದಿಲ್ಲ.

ಎಂ.ಆರ್.ಐ. ಎಂಬ ಇನ್ನೊಂದು ಯಂತ್ರ ಇದೆ. ಅದರಲ್ಲಿ ಬಹಳ ಬಲವಾದ ಅಯಸ್ಕಾಂತ ಇರುತ್ತದೆ. ತಲೆಯಲ್ಲಿ ಕಬ್ಬಿಣದ ಚೂರು ಇದ್ದರೆ ಅದು ಒಳಗೇ ಸರಿದು ಮೆದುಳನ್ನು ಹರಿಯಬಹುದು. ಆದ್ದರಿಂದ ಲೋಹ ಒಳಗಿದೆ ಎಂಬ ಮಾತನ್ನು ಮುಚ್ಚಿಡಬಾರದು. ಎಷ್ಟು ವರ್ಷ ಕಳೆದರೂ, ಯಾವ ಆಸ್ಪತ್ರೆಗೆ ಹೋದರೂ ಇದನ್ನು ಹೇಳಬೇಕು.

ಆಮೇಲೆ ಕೀವು ಆಗದಂತೆ ಔಷಧ ಕೊಡುತ್ತಾರೆ. ಧನುರ್ವಾಯು ಬಾರದಂತೆ ಸೂಜಿ ಮಾಡುತ್ತಾರೆ. ಮೂರ್ಛೆ ಬಾರದಂತೆ ಮೊದಲ ಕೆಲವು ದಿನ ಗುಳಿಗೆ ಕೊಡುತ್ತಾರೆ. ರಕ್ತ ಗಡ್ಡೆಗಟ್ಟಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಗಾಯ ಸ್ವಚ್ಛ ಮಾಡಿ, ಹರಿದ ಪೊರೆ ಮುಚ್ಚಿ, ಹೊಲಿಗೆ ಹಾಕುತ್ತಾರೆ.

ಈ ಸ್ವಚ್ಛ ಮಾಡುವ ಕೆಲಸದ ಬೆಲೆ ತಿಳಿದದ್ದು ಮೊದಲನೇ ಮಹಾಯುದ್ಧದಲ್ಲಿ. 1917ರಲ್ಲಿ ಹಾರ್ವಿ ಕುಶಿಂಗ್ ಎಂಬ ಅಮೆರಿಕದ ಡಾಕ್ಟರು ಸೈನಿಕರ ತಲೆಗಾಯಕ್ಕೆ ಆಪರೇಷನ್ ಮಾಡುತ್ತಿದ್ದರು. ಮೊದಲು ಮೆದುಳಿಗೆ ಗುಂಡು ಹೊಕ್ಕ 100 ಜನರಲ್ಲಿ 50ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಅವರು ಬಹಳ ನಿಧಾನವಾಗಿ ಎಲುಬಿನ ಚೂರು, ಹೊಲಸು ತೆಗೆದು ಗಾಯವನ್ನು ಪೂರ್ತಿ ಮುಚ್ಚಿದರು. ಮೂರು ತಿಂಗಳಲ್ಲಿ ಸಾಯುವವರ ಸಂಖ್ಯೆ 100ಕ್ಕೆ 30ಕ್ಕಿಂತ ಕಡಿಮೆಯಾಯಿತು. ಆಗ ಈಗಿನಂಥ ಔಷಧಗಳೂ ಇರಲಿಲ್ಲ.

ಗುಂಡು ಒಳಗೇ ಬಿಟ್ಟರಲ್ಲ?

ಕೆಲವು ಸಲ ಡಾಕ್ಟರು ಗುಂಡನ್ನು ತೆಗೆಯುವುದಿಲ್ಲ. ಮನೆಯವರಿಗೆ ಸಿಟ್ಟು ಬರುತ್ತದೆ. “ರೊಕ್ಕ ಕೊಟ್ಟೀವಿ, ಗುಂಡು ಯಾಕ ತೆಗೀಲಿಲ್ಲ?” ಎಂದು ಜಗಳ ಮಾಡುತ್ತಾರೆ.

ಕಾರಣ ತಿಳಿಯೋಣ. ಗುಂಡು ಆಳದಲ್ಲಿ ಇರುತ್ತದೆ. ಅಲ್ಲಿಗೆ ಹೋಗಲು ಚೆನ್ನಾಗಿರುವ ಮೆದುಳನ್ನು ಕೊಯ್ಯಬೇಕಾಗುತ್ತದೆ. ಆಗ ಮಾತು ಹೋಗಬಹುದು, ಕೈಕಾಲು ಹೋಗಬಹುದು. ಬೆಳೆಯ ನಡುವೆ ಬಿದ್ದ ಒಂದು ಕಲ್ಲು ತೆಗೆಯಲು ಯಾರಾದರೂ ಇಡೀ ಪೈರಿನ ಮೇಲೆ ರೋಣಗಲ್ಲು ಹೊಡೆಯುತ್ತಾರೆಯೇ? 1980ರ ದಶಕದಲ್ಲಿ ಲೆಬನಾನ್, ಇರಾನ್, ಇರಾಕ್ ಯುದ್ಧಗಳ ಗಾಯಾಳುಗಳನ್ನು ನೋಡಿದ ಡಾಕ್ಟರುಗಳು ಇದನ್ನು ಕಂಡುಕೊಂಡರು. ಆಳದ ಸಣ್ಣ ಚೂರನ್ನು ಬಿಟ್ಟು, ಔಷಧ ಕೊಟ್ಟು, ನೋಡುತ್ತಾ ಇರುವುದೇ ಎಷ್ಟೋ ಸಲ ಒಳ್ಳೆಯದು. ಗುಂಡು ಇದ್ದೂ ಜನ ಬಹಳ ವರ್ಷ ಬದುಕಿದ್ದಾರೆ. ಆದರೆ ಡಾಕ್ಟರು ಹೇಳಿದ ದಿನ ತಪ್ಪದೆ ತೋರಿಸಬೇಕು.

ಎಲ್ಲರೂ ಉಳಿಯುತ್ತಾರೆ ಎಂದು ಹೇಳುವಂತಿಲ್ಲ. ಗುಂಡು ಮೆದುಳಿನ ಎರಡೂ ಭಾಗ ದಾಟಿದರೆ, ಬಂದಾಗಲೇ ಪೂರ್ತಿ ಎಚ್ಚರ ತಪ್ಪಿದ್ದರೆ ಉಳಿಯುವುದು ಕಷ್ಟ. ಆದರೆ ಬೇಗ ಬಂದವರಿಗೆ, ಎಚ್ಚರ ಇದ್ದು ಬಂದವರಿಗೆ ಆಸೆ ಹೆಚ್ಚು.

ಹಣದ ಚಿಂತೆ

“ಕೈಯಾಗ ರೊಕ್ಕ ಇಲ್ಲ. ಹೆಂಗ ಹೋಗೂದು?” ಇದು ನಮ್ಮೆಲ್ಲರ ಮಾತು. 2018ರಲ್ಲಿ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದರಲ್ಲಿ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಒಂದೇ ಚೀಲದಲ್ಲಿ ಇಟ್ಟಿರಿ. ಆದರೆ ಕಾರ್ಡು ಹುಡುಕುತ್ತಾ ಕೂರಬೇಡಿ. ಗಾಯಾಳು ಮೊದಲು ಹೋಗಲಿ. ಕಾರ್ಡನ್ನು ಹಿಂದಿನಿಂದ ಯಾರಾದರೂ ತರಲಿ.

ಮನೆಗೆ ಬಂದ ಮೇಲೆ

ಗಾಯ ಮಾಯಿತು, ಹೊಲಿಗೆ ತೆಗೆದರು. ಕೆಲಸ ಮುಗಿಯಲಿಲ್ಲ. ಈ ಚಿಹ್ನೆ ಕಂಡರೆ ಕೂಡಲೇ ಮತ್ತೆ ಆಸ್ಪತ್ರೆಗೆ ಹೋಗಿ.

• ಜ್ವರ, ಕುತ್ತಿಗೆ ಬಿಗಿಯುವುದು.
• ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ.
• ಮೂಗು, ಕಿವಿ, ಗಾಯದಿಂದ ನೀರು ಅಥವಾ ಕೀವು ಸೋರುವುದು.
• ಮೂರ್ಛೆ ಬರುವುದು.
• ಕೈಕಾಲಿನ ಬಲ ಕಡಿಮೆಯಾಗುವುದು, ಮಾತು ತೊದಲುವುದು.
• ಎಬ್ಬಿಸಿದರೂ ಏಳದಂಥ ನಿದ್ದೆ.

ಮೂರ್ಛೆಯ ಗುಳಿಗೆಯನ್ನು ನಾವೇ ಬಿಡಬಾರದು. ಡಾಕ್ಟರು ಬಿಡು ಎಂದಾಗ ಮಾತ್ರ ಬಿಡಬೇಕು. ಮೂರ್ಛೆ ಇದ್ದವರನ್ನು ಬಾವಿ, ಕೆರೆ, ಕಾಲುವೆಗೆ ಒಬ್ಬರನ್ನೇ ಕಳಿಸಬಾರದು. ಒಲೆಯ ಮುಂದೆ ಒಬ್ಬರನ್ನೇ ಬಿಡಬಾರದು.

ಹುಡುಗ ಸಿಡುಕನಾದ, ಓದಿದ್ದು ಮರೆಯುತ್ತಾನೆ, ಸುಮ್ಮನೆ ಅಳುತ್ತಾನೆ. ಇದು ಮೊಂಡತನ ಅಲ್ಲ. ಗಾಳಿ ಸೋಂಕಿದ್ದೂ ಅಲ್ಲ. ಗಾಯಗೊಂಡ ಮೆದುಳು ಹೀಗೆ ಮಾಡಿಸುತ್ತದೆ. ಬೈಯಬೇಡಿ. ಶಾಲೆಯ ಗುರುಗಳಿಗೂ ತಿಳಿಸಿ. ದೇವರಿಗೆ ಹರಕೆ ಹೊರಿ, ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬನ್ನಿ, ಆದರೆ ಗುಳಿಗೆ ತಪ್ಪಿಸಬೇಡಿ.

ಆಗದಂತೆ ನೋಡಿಕೊಳ್ಳೋಣ

ಏರ್‌ಗನ್ ಇದ್ದರೆ ಗುಂಡು ತೆಗೆದು, ಬೀಗ ಹಾಕಿ ಇಡಬೇಕು. ಗುಂಡನ್ನು ಬೇರೆ ಕಡೆ ಇಡಬೇಕು. ಖಾಲಿ ಇದೆ ಎಂದುಕೊಂಡು ಯಾರ ಕಡೆಗೂ ಹಿಡಿಯಬಾರದು. ಮಕ್ಕಳ ಕೈಗೆ ಕೊಡಲೇಬಾರದು.

ಕವಣಿ ಬೀಸುವ ಮುಂದೆ “ಕಲ್ಲು ಬರತೈತಿ” ಎಂದು ಕೂಗಬೇಕು. ಹೊಲದಲ್ಲಿ ಯಾರಿದ್ದಾರೆ ನೋಡಬೇಕು. ತಗಡು ಬಡಿದೂ ಹಕ್ಕಿ ಓಡಿಸಬಹುದು.

ಹುಲ್ಲು ಕತ್ತರಿಸುವ ಮಷೀನು ನಡೆಯುವಾಗ 50 ಅಡಿ ದೂರ ನಿಲ್ಲಬೇಕು. ಬುತ್ತಿ ಕೊಡಲು ಹೋದವರು ಮಷೀನು ನಿಂತ ಮೇಲೆ ಹತ್ತಿರ ಹೋಗಬೇಕು. ಕಲ್ಲು ಒಡೆಯುವವರು ಕಣ್ಣಿಗೆ ಗಟ್ಟಿ ಕನ್ನಡಕ ಹಾಕಬೇಕು. ಗಣಿಯಲ್ಲಿ ಸೀಟಿ ಊದಿದರೆ ಮಕ್ಕಳನ್ನು ಕರೆದುಕೊಂಡು ದೂರ ಓಡಬೇಕು. ಡಬ್ಬಿ, ಬಾಟಲಿಯಲ್ಲಿ ಪಟಾಕಿ ಹಾರಿಸಲು ಬಿಡಬಾರದು.

ಜಾತ್ರೆಯಲ್ಲಿ ಬಲೂನ್ ಅಂಗಡಿಯ ಪಕ್ಕ, ಹಿಂದೆ ಮಕ್ಕಳು ನಿಲ್ಲಬಾರದು. ಹಿಂದೆ ದಪ್ಪ ಹಲಗೆ ಇಲ್ಲದ ಅಂಗಡಿ ಕಂಡರೆ ಜಾತ್ರಾ ಕಮಿಟಿಯವರಿಗೆ ಹೇಳಿ. ಸ್ವಸಹಾಯ ಸಂಘದ ನಾಲ್ಕು ಹೆಣ್ಣುಮಕ್ಕಳು ಕೂಡಿ ಹೋಗಿ ಹೇಳಿದರೆ ಕೇಳುತ್ತಾರೆ.

ನೆನಪಿಡಿ

ತೂತು ಸಣ್ಣದಾದರೂ ದವಾಖಾನೆಗೆ ಹೋಗಿ.
ಚುಚ್ಚಿದ್ದನ್ನು ಕೀಳಬೇಡಿ.
ಏನೂ ಹಚ್ಚಬೇಡಿ, ಏನೂ ತಿನ್ನಿಸಬೇಡಿ.
108ಕ್ಕೆ ಫೋನ್ ಮಾಡಿ.
ಚೀಟಿ ಬರೆಯಿರಿ.
ನಿಜ ಹೇಳಿರಿ.

ಹೊಸ ಪದಗಳು

ತಲೆಬುರುಡೆ: ತಲೆಯ ಗಟ್ಟಿ ಎಲುಬು
ಕಣತಲೆ: ಕಣ್ಣಿಗೂ ಕಿವಿಗೂ ನಡುವಿನ ಜಾಗ
ಪೊರೆ: ತೆಳುವಾದ ಹೊದಿಕೆ
ಗಾಯಾಳು: ಗಾಯ ಆದವರು
ಧನುರ್ವಾಯು: ಗಾಯದೊಳಗೆ ಹೊಲಸು ಸೇರಿ ಬರುವ, ಮೈ ಸೆಟೆಯುವ ರೋಗ
ಅಯಸ್ಕಾಂತ: ಕಬ್ಬಿಣವನ್ನು ಎಳೆಯುವ ವಸ್ತು

ಉತ್ತರ ಹೇಳಿ

1. ತಲೆಗೆ ಚುಚ್ಚಿದ ಮೊಳೆಯನ್ನು ಯಾಕೆ ಕೀಳಬಾರದು?
2. ಸಿಂಬಿಯನ್ನು ಹೇಗೆ ಬಳಸುತ್ತೀರಿ? ನಿಮ್ಮ ಸೆರಗಿನಿಂದ, ಟವಲಿನಿಂದ ಮಾಡಿ ತೋರಿಸಿ.
3. ಗುಂಡು ತಾಗಿದ್ದನ್ನು ಡಾಕ್ಟರಿಂದ ಮುಚ್ಚಿಟ್ಟರೆ ಏನಾಗುತ್ತದೆ?
4. ಗೇಜ್‌ನ ಕಥೆಯಿಂದ ನೀವು ಕಲಿತ ಎರಡು ಮಾತು ಹೇಳಿ.

ಬರೆಯಿರಿ

ನಿಮ್ಮ ಊರಿನಿಂದ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು? ಎಷ್ಟು ದೂರ? ರಾತ್ರಿ ಹೊತ್ತಿನಲ್ಲಿ ಗಾಡಿ ಯಾರ ಮನೆಯಲ್ಲಿ ಸಿಗುತ್ತದೆ? ಅವರ ಫೋನ್ ನಂಬರ್ ಏನು? ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. 108 ಎಂದೂ ಬರೆಯಿರಿ. ಬಾಗಿಲ ಹಿಂದೆ ಅಂಟಿಸಿ. ಓದಲು ಬಾರದ ಪಕ್ಕದ ಮನೆಯ ಅಕ್ಕನಿಗೂ ಓದಿ ಹೇಳಿ.